ಗರುಡ ಪ್ರದಕ್ಷಿಣೆ

ಆ ಬೇಸಿಗೆ ಕೆಂಬಂಡೆ ಬೆಟ್ಟದ ರಣಹದ್ದುಗಳಿಗೆ ಇದ್ದದ್ದು ಒಂದೇ ಮರಿ. ಬೆಟ್ಟದ ಪಡುವಣ ಮುಖದಲ್ಲಿ, ಗೋಡೆಯಂತೆ ನಿಂತ ಬಂಡೆಯ ನಡುವೆ, ಮುಂದಕ್ಕೆ ಚಾಚಿಕೊಂಡ ಒಂದು ಕಲ್ಲಿನ ಮೇಲೆ ಅದರ ಗೂಡು. ಗೂಡೆಂದರೆ ಒಂದಷ್ಟು ಒಣಕಡ್ಡಿ, ಒಣಗಿದ ಸೊಪ್ಪು, ಅಷ್ಟೇ. ಹಿಕ್ಕೆ ಬಿದ್ದು ಬಿದ್ದು ಕೆಳಗಿನ ಬಂಡೆ ಸುಣ್ಣ ಸುರಿದ ಹಾಗೆ ಬೆಳ್ಳಗಾಗಿತ್ತು. ಉದ್ದ ಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಅದು ಕೆಟ್ಟರೆ ಆ ವರ್ಷ ಮುಗಿದಂತೆ. ಹಿಂದಿನ ಎರಡು ವರ್ಷವೂ ಹಾಗೇ ಮುಗಿದಿದ್ದವು.

ಜನವರಿ ಕೊನೆಯಲ್ಲಿ ಈ ಮರಿ ಮೊಟ್ಟೆಯೊಡೆದು ಬಂದದ್ದನ್ನು ಮೊದಲು ಕಂಡವಳು ಗಸ್ತು ಅರಣ್ಯ ಪಾಲಕಿ ಲತಾಮಣಿ. ಚನ್ನಪಟ್ಟಣದ ಕಡೆಯ ಬೇಸಾಯಗಾರರ ಮನೆಯವಳು. ಬೆಟ್ಟದ ಬುಡದ ಕಾಳಯ್ಯನದೊಡ್ಡಿಯವರಿಗೆ ಅವಳು ಗಾರ್ಡಮ್ಮ. ಏಪ್ರಿಲ್ ಹೊತ್ತಿಗೆ ಮರಿ ದೂರಕ್ಕೆ ತಾಯಿಯಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ಆದರೆ ಹಾರಲು ಇನ್ನೂ ಮೂರು ನಾಲ್ಕು ವಾರ ಬೇಕಿತ್ತು. ಕಲ್ಲಿನ ತುದಿಗೆ ಬಂದು ರೆಕ್ಕೆ ಬಡಿಯುವುದು, ತನ್ನ ಬಡಿತಕ್ಕೆ ತಾನೇ ಬೆದರಿ ಹಿಂದೆ ಸರಿಯುವುದು, ಇದೇ ಅದರ ದಿನಚರಿ. ಲತಾಮಣಿ ದಿನವೂ ಬೈನಾಕ್ಯುಲರ್‌ನಲ್ಲಿ ಅದನ್ನು ನೋಡುತ್ತಿದ್ದಳು. ಈ ಒಂದು ಮರಿ ಹಾರಿಬಿಟ್ಟರೆ ಸಾಕು ಎಂಬುದು ಅವಳ ಆಸೆ. ವನ್ಯಜೀವಿ, ಪರಿಸರ ಎಂಬ ದೊಡ್ಡ ಮಾತುಗಳನ್ನು ಭಾಷಣ ಮಾಡುವವರಿಗೆ ಬಿಟ್ಟಿದ್ದಳು.

ಊರಿಗೂ ಈ ಹಕ್ಕಿಗೂ ಮೊದಲಿಂದ ಆಗುತ್ತಿರಲಿಲ್ಲ. ರಣಹದ್ದು ಮನೆಯ ಮೇಲೆ ಕೂತರೆ ಮನೆ ಬಿಡಬೇಕು, ಶಾಂತಿ ಮಾಡಿಸದೆ ಮತ್ತೆ ಹೊಸ್ತಿಲು ತುಳಿಯಬಾರದು ಎಂದು ಅಲ್ಲಿ ನಂಬಿಕೆ. ಮೂರು ವರ್ಷದ ಹಿಂದೆ ಕಟ್ಟೆಯಲ್ಲಿ ನೀರು ಕುಡಿಯಲು ಇಳಿದ ಒಂದು ಹಕ್ಕಿಯನ್ನು ಕಲ್ಲು ಬೀರಿ ಕೊಂದಿದ್ದರು. ಲತಾಮಣಿ ಆಗ ಹೊಸದಾಗಿ ಬಂದಿದ್ದಳು. ಚಿತ್ರಪಟಗಳನ್ನು ಸುತ್ತಿಕೊಂಡು ಊರಿಗೆ ಹೋಗಿ, ಈ ಹಕ್ಕಿ ಸತ್ತ ದನಕುರಿಯನ್ನು ತಿಂದು ರೋಗ ಹರಡದಂತೆ ನೋಡಿಕೊಳ್ಳುತ್ತದೆ, ದನಕ್ಕೆ ಕೊಡುತ್ತಿದ್ದ ಒಂದು ನೋವಿನ ಔಷಧಿಯಿಂದಲೇ ಇದರ ಸಂತತಿ ಅಳಿಯಿತು ಎಂದೆಲ್ಲ ಹೇಳಿದಳು. ಜನ ಟೀ ಕುಡಿಯುತ್ತಾ ಕೇಳಿದರು. ಕೊನೆಗೆ ಚಿಕ್ಕಲಕ್ಷ್ಮಮ್ಮ ಎಂಬ ಅಜ್ಜಿ ಎದ್ದು ನಿಂತಳು.

"ಅದೆಲ್ಲಾ ಇರ್ಲಿ. ಹೆಣ ತಿಂತದೋ ಇಲ್ವೋ, ಅದೇಳವ್ವ ಮೊದ್ಲು."

"ತಿಂತದೆ ಅಜ್ಜಿ, ಅದಕ್ಕೇ..."

"ಸಾಕು ಬುಡು," ಎಂದು ಅಜ್ಜಿ ಕೂತಳು. ಸಭೆಯೂ ಅಲ್ಲಿಗೆ ಮುಗಿಯಿತು.

ಎರಡನೇ ಸಲ ಲತಾಮಣಿ ಚಿತ್ರಪಟ ಒಯ್ಯಲಿಲ್ಲ. ಕಾಳಯ್ಯನದೊಡ್ಡಿಯಲ್ಲಿ ಬಹುಪಾಲು ಮನೆಗಳು ಮಾಗಡಿ ರಂಗನಾಥನ ಒಕ್ಕಲು. ಗರುಡ ಕಂಡರೆ ದಾರಿಯಲ್ಲೇ ನಿಂತು ಕೆನ್ನೆ ಬಡಿದುಕೊಳ್ಳುವ ಜನ. ಅವಳು ಅರಳಿಕಟ್ಟೆಯಲ್ಲಿ ಕೂತು, "ನೀವು ಕೈ ಮುಗಿಯೋ ಗರುಡನ ವಂಶ ಇರೋದು ಈ ಬೆಟ್ಟದಲ್ಲೇ," ಎಂದಳು. ಗರುಡ ಎಂದು ಜನ ಕರೆಯುವ ಹಕ್ಕಿ ಬೇರೆ ಎಂದು ಅವಳಿಗೆ ಗೊತ್ತಿತ್ತು. ಅದು ಇಟ್ಟಿಗೆ ಬಣ್ಣದ ಬೆನ್ನಿನ, ಬಿಳಿ ತಲೆಯ, ಕೆರೆಯ ಮೀನಿಗೆ ಎರಗುವ ಹಕ್ಕಿ; ಗಾತ್ರದಲ್ಲಿ ರಣಹದ್ದಿನ ಅರ್ಧವೂ ಇಲ್ಲ. 'ವಂಶ' ಎಂಬ ಮಾತು ಸೇರಿಸಿದ್ದರಿಂದ ತಾನು ಹೇಳಿದ್ದು ಪೂರಾ ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡಳು. ಊರಿನವರು ವಂಶವನ್ನು ಬಿಟ್ಟು ಗರುಡನನ್ನು ಇಟ್ಟುಕೊಂಡರು. ಅಂದು ಕಟ್ಟೆಗೆ ಇಳಿದದ್ದು ಎಲ್ಲಿಂದಲೋ ಬಂದ ರಣಹದ್ದು, ಬೆಟ್ಟದವು ಗರುಡ ಎಂದು ತಮ್ಮಲ್ಲೇ ತೀರ್ಮಾನಿಸಿಕೊಂಡರು.

ಆಮೇಲೆ ಯಾರೂ ಕಲ್ಲೆತ್ತಲಿಲ್ಲ. ಮೇಲಿನವರು ಸಭೆಯೊಂದರಲ್ಲಿ ಅವಳ ಹೆಸರು ಹೇಳಿ ಹೊಗಳಿದರು. ಏನು ಹೇಳಿ ಒಪ್ಪಿಸಿದೆ ಎಂದು ಯಾರೂ ಕೇಳಲಿಲ್ಲ.

*

ಬೆಟ್ಟದ ಪಡುವಣ ಬುಡಕ್ಕೆ ಅಂಟಿಕೊಂಡಂತೆ ದೇವರಾಜುವಿನ ಹಿಪ್ಪುನೇರಳೆ ತೋಟ. ಅರಣ್ಯದ ಗಡಿಕಲ್ಲು ಇರುವುದು ಅವನ ಬದುವಿನ ಮೇಲೇ. ಚಿಕ್ಕಲಕ್ಷ್ಮಮ್ಮ ಅವನ ತಾಯಿ. ಏಪ್ರಿಲ್ ಮೊದಲ ವಾರ ಅವನು ಲಗ್ನಪತ್ರಿಕೆ ಹಿಡಿದು ಚೆಕ್‌ಪೋಸ್ಟಿಗೆ ಬಂದ. ಜೊತೆಗೆ ಬೆನ್ನಿಗೆ ಚೀಲ ಹಾಕಿಕೊಂಡ ಒಬ್ಬ.

"ಗಾರ್ಡಮ್ಮ, ನಮ್ಮ ನವ್ಯಶ್ರೀ ಮದ್ವೆ. ರಾಮನಗರದ ಛತ್ರದಲ್ಲಿ. ನೀವು ಬರ್ದಿದ್ರೆ ತಾಳಿ ಕಟ್ಸಾಕಿಲ್ಲ, ಅಷ್ಟೇಯ."

"ಬತ್ತೀನಿ ದೇವರಾಜಣ್ಣ. ಕಾಫಿ ಇಲ್ಲ, ನೀರು ಕೊಡ್ಲಾ?"

"ನೀರು ಬ್ಯಾಡ, ಒಂದು ಮಾತೈತೆ. ಇವ್ನು ದೀಪು ಅಂತ, ಕನಕಪುರದ ಸ್ಟುಡಿಯೋದವ್ನು. ಪ್ರೀ ವೆಡ್ಡಿಂಗ್ ಶೂಟಿಂಗ್ ಅಂತಾರಲ್ಲ, ಅದ್ಕೆ ಬಂದವ್ನೆ. ಎಲ್ರೂ ರೆಸಾರ್ಟಿಗೋಗಿ ಕುಣೀತಾರೆ. ನಮ್ಗೆ ಆ ಕುಣಿತ ಬ್ಯಾಡ. ಹೆಣ್ಣು ಗಂಡು ತೋಟದಲ್ಲಿ ನಿಂತಿರ್ಬೇಕು, ಮ್ಯಾಲೆ ಸ್ವಾಮಿ ಒಂದು ಸುತ್ತು ಬರ್ಬೇಕು. ಗರುಡ ಪ್ರದಕ್ಷಿಣೆ. ನಮ್ಮಪ್ಪನ ಧಾರೆ ಹೊತ್ನಲ್ಲಿ ಬಂದಿತ್ತಂತೆ ಕಣವ್ವ."

ಲತಾಮಣಿ ದೀಪುವಿನ ಚೀಲ ನೋಡಿದಳು. "ಡ್ರೋನಾ?"

"ಡ್ರೋನ್ ಅಲ್ಲ ಮೇಡಂ, ಹೆಲಿಕ್ಯಾಮ್."

"ಹಾರ್ತದಾ?"

"ಹಾರ್ತದೆ."

"ಕ್ಯಾಮೆರಾ ಐತಾ?"

"ಐತೆ."

"ಮತ್ತೆ?"

"ನಿಮ್ಮ ಬೋರ್ಡಲ್ಲಿ ಡ್ರೋನ್ ನಿಷೇಧ ಅಂತ ಐತೆ ಮೇಡಂ. ಇದು ಇನ್ನೂರೈವತ್ತು ಗ್ರಾಮೂ ತೂಗಲ್ಲ. ಇದ್ಕೆ ಲೈಸೆನ್ಸೇ ಬೇಡ."

ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಅಷ್ಟು ಹಗುರದ ಯಂತ್ರ ಹಾರಿಸುವವನಿಗೆ ಪೈಲಟ್ ಪರವಾನಗಿ ಬೇಕಿಲ್ಲ. ಆದರೆ ಈ ಬೆಟ್ಟ ಪಕ್ಷಿಧಾಮ; ಅದರ ಮೇಲೆ ಹಾರಿಸಲು ತೂಕ ಎಷ್ಟಿದ್ದರೂ ಇಲಾಖೆಯ ಅನುಮತಿ ಬೇಕು. ಮದುವೆಯ ವಿಡಿಯೊಗೆ ಅದು ಸಿಗುವುದಿಲ್ಲ. ಲತಾಮಣಿ ಅದನ್ನು ಬಿಡಿಸಿ ಹೇಳಿದಳು.

"ನಾನೇನು ನಿಮ್ ಕಾಡೊಳೀಕೆ ಕಾಲಿಕ್ತೀನಾ?" ಎಂದ ದೇವರಾಜು. "ನನ್ನ ತೋಟ, ನನ್ನ ಮಗ್ಳು."

"ತೋಟ ನಿಮ್ದು. ಮ್ಯಾಲಿಂದು ನಿಮ್ದಲ್ಲ ಅಣ್ಣ."

"ಮ್ಯಾಲಿಂದು ರಂಗಪ್ಪಂದು," ಎಂದು ನಕ್ಕ. ಸಿಟ್ಟಿನ ನಗೆಯಲ್ಲ. ಅವನು ಒಳ್ಳೆಯ ಮನುಷ್ಯ. ಬೆಟ್ಟಕ್ಕೆ ಬೆಂಕಿ ಬಿದ್ದಾಗ ಸೊಪ್ಪು ಹಿಡಿದು ಮೊದಲು ಓಡಿಬಂದವನು.

ಆಗ ಅವಳು ಹೇಳಬಹುದಿತ್ತು: ಅದು ಗರುಡ ಅಲ್ಲ ದೇವರಾಜಣ್ಣ, ರಣಹದ್ದು. ಮಾತು ನಾಲಗೆಯ ತುದಿಗೂ ಬಂತು. ಕಟ್ಟೆಯ ನೀರಿನಂಚಿನಲ್ಲಿ ಕುತ್ತಿಗೆ ಮುರಿದು ಬಿದ್ದಿದ್ದ ಹಕ್ಕಿ ಕಣ್ಣ ಮುಂದೆ ಬಂದು ನಿಂತಿತು. ಮರಿ ಹಾರುವುದಕ್ಕೆ ಇನ್ನು ಮೂರೇ ವಾರ. ಅಲ್ಲಿಯವರೆಗೆ ಗರುಡನ ಹೆಸರೇ ಕಾಯಲಿ ಎಂದುಕೊಂಡಳು.

"ಸ್ವಾಮಿ ಈಗ ಸಂಸಾರ ಹೂಡವ್ರೆ ಅಣ್ಣ. ಮರಿ ಐತೆ. ಬಾಣಂತಿ ಮನೆ ಬಾಗ್ಲಿಗೆ ಹೋಗಿ ಕ್ಯಾಮೆರಾ ಹಿಡೀತಾರಾ ಯಾರಾದ್ರೂ?"

ದೇವರಾಜು ತಟ್ಟನೆ ಚಪ್ಪಲಿ ಬಿಟ್ಟು ಬೆಟ್ಟದ ಕಡೆ ತಿರುಗಿ ಕೆನ್ನೆ ಬಡಿದುಕೊಂಡ. "ತಪ್ಪಾಯ್ತು, ತಪ್ಪಾಯ್ತು." ಎರಡು ಹೆಜ್ಜೆ ಹೋದವನು ತಿರುಗಿ ನಿಂತ. "ಮರೀನೂ ಐತಾ ಗಾರ್ಡಮ್ಮ? ಗರುಡನ ಮರಿ? ನಮ್ಮವ್ವನೂ ಕಂಡಿಲ್ವಲ್ಲ ಅದ!"

ಆ ಸಂಜೆ ಅವಳು ವಲಯಾಧಿಕಾರಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. "ಹಾರಿಸಿದ್ರೆ ಹಿಡಿಯಮ್ಮ," ಎಂದರು ಅವರು. "ಹಾರಿಸೋಕೆ ಮುಂಚೆ ಕೇಸ್ ಹೆಂಗೆ ಹಾಕೋದು?" ಅದೂ ತಪ್ಪು ಮಾತಲ್ಲ. ಅವಳು ಪಡುವಣ ಬುಡಕ್ಕೆ ಮಂಚಯ್ಯನನ್ನು ಹಾಕಿದಳು. ಮಂಚಯ್ಯ ದಿನಗೂಲಿಯ ಕಾವಲುಗಾರ, ಅದೇ ಊರಿನ ಕುರಿ ಸಾಕುವ ಮನೆತನದವನು. ಯಾರನ್ನೂ ಬಿಡಬೇಡ ಎಂದಳು. ಬುಡಾಕಿಲ್ಲ ಅವ್ವ ಎಂದ.

*

ದೇವರಾಜುವಿನ ಕಡೆಯವರು ಬಂದದ್ದು ಭಾನುವಾರ. ಭಾನುವಾರ ಬೆಂಗಳೂರಿನ ಜನವೆಲ್ಲ ಬೆಟ್ಟ ಹತ್ತಲು ಬರುತ್ತಾರೆ. ಮೂಡಣ ದಿಕ್ಕಿನ ಮೆಟ್ಟಿಲ ಬಳಿ ಚೀಲ ತಡಕಿ ಪ್ಲಾಸ್ಟಿಕ್ ತೆಗೆಸುವುದೇ ಲತಾಮಣಿಗೆ ಅರ್ಧ ದಿನದ ಕೆಲಸ. ಬಿಸಿಲೇರಿ ಬಂಡೆ ಕಾದು ಗಾಳಿ ಮೇಲಕ್ಕೇಳುವ ಹೊತ್ತಿಗೆ ರಣಹದ್ದುಗಳು ಗೂಡು ಬಿಟ್ಟೇಳುತ್ತವೆ. ಅದೇ ಹೊತ್ತಿಗೆ ಅವಳಿಗೆ ಜೇನು ಎದ್ದ ಹಾಗೆ ಸದ್ದು ಕೇಳಿಸಿತು. ಜೇನಾದರೆ ಹತ್ತಿರ ಬರುತ್ತಾ ಸದ್ದು ಬದಲಾಗುತ್ತದೆ. ಇದು ಒಂದೇ ಸಮ ಕೊರೆಯುತ್ತಿತ್ತು. ಯಾರದೋ ಚೀಲವನ್ನು ಅವರ ಕೈಗೇ ತುರುಕಿ ಓಡಿದಳು.

ಬೆಟ್ಟ ಬಳಸಿ ತೋಟಕ್ಕೆ ಇಳಿದಾಗ ಕಂಡದ್ದು ಪೂಜೆಯಂತಿತ್ತು. ಬದುವಿನ ಮೇಲೆ ರೇಷ್ಮೆ ಸೀರೆಯುಟ್ಟ ನವ್ಯಶ್ರೀ, ಪಂಚೆಯುಟ್ಟ ಅವಳ ಗಂಡು, ಅಜ್ಜಿ ಚಿಕ್ಕಲಕ್ಷ್ಮಮ್ಮ, ದೇವರಾಜು, ಎಲ್ಲರೂ ಬರಿಗಾಲಲ್ಲಿ, ಕೈ ಮುಗಿದು, ಮೇಲೆ ನೋಡುತ್ತಾ ನಿಂತಿದ್ದರು. ಪಕ್ಕದಲ್ಲಿ ಮಂಚಯ್ಯ. ಅವನೂ ಕೈ ಮುಗಿದಿದ್ದ. ತಾಯಿ ಹಕ್ಕಿ ಗೂಡು ಬಿಟ್ಟೆದ್ದು ಬಂಡೆಯ ಮುಂದೆ ದೊಡ್ಡ ಸುತ್ತು ಹಾಕುತ್ತಿತ್ತು. ಗಾಬರಿಗೆ ಹಾಕುತ್ತಿದ್ದ ಸುತ್ತು. ಅದರ ನೆರಳು ತೋಟದ ಮೇಲೆ ಹಾದಾಗಲೆಲ್ಲ ಕೆಳಗಿನವರು "ಗೋವಿಂದಾ... ಗೋವಿಂದ" ಎನ್ನುತ್ತಿದ್ದರು. ಅಜ್ಜಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಗಂಡು ಫೋನಿನಲ್ಲಿ ಅದನ್ನೆಲ್ಲ ತೆಗೆಯುತ್ತಿದ್ದ.

"ಮರಿ ತೋರ್ಸಪ್ಪ, ಮರಿ," ಎನ್ನುತ್ತಿದ್ದ ದೇವರಾಜು. "ನಮ್ಮವ್ವ ಒಂದ್ಸಲ ಕಣ್ತುಂಬ ನೋಡ್ಲಿ."

ಲತಾಮಣಿ ದೀಪುವಿನ ತೋಳು ಹಿಡಿದಳು. ಅವನ ಕೈಯಲ್ಲಿದ್ದ ರಿಮೋಟಿನ ಪರದೆಯಲ್ಲಿ ಗೂಡು ಕಾಣುತ್ತಿತ್ತು, ಕಡ್ಡಿ ಕಡ್ಡಿಯೂ ಎಣಿಸುವಷ್ಟು ಹತ್ತಿರ. ಅಷ್ಟು ಹತ್ತಿರದಿಂದ ಅವಳು ಮರಿಯನ್ನು ಎಂದೂ ನೋಡಿರಲಿಲ್ಲ. ಅದು ಬಂಡೆಗೆ ಒತ್ತಿಕೊಂಡು, ಕುತ್ತಿಗೆ ಕುಗ್ಗಿಸಿ, ಕೊಕ್ಕು ತೆರೆದು ನಿಂತಿತ್ತು. ಯಂತ್ರ ಗೂಡಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ನಿಂತು ಮೇಲೆ ನೋಡುತ್ತಿತ್ತು.

"ವಾಪಸ್ ಕರ್ಸೋ! ಈಗ್ಲೇ ಕರ್ಸು!"

ಸಮವಸ್ತ್ರ ಕಂಡು ದೀಪು ಗಾಬರಿಬಿದ್ದ. ಮನೆಯ ಗುರುತಿದ್ದ ಗುಂಡಿ ಒತ್ತಿದ. ಆ ಗುಂಡಿ ಒತ್ತಿದರೆ ಯಂತ್ರ ತಾನಾಗಿ ಹೊರಟ ಜಾಗಕ್ಕೆ ಮರಳುತ್ತದೆ. ಆದರೆ ಹಾಗೆ ಮರಳುವ ಮುನ್ನ, ದಾರಿಯಲ್ಲಿ ಮರಗಿಡ ತಾಗದಿರಲಿ ಎಂದು, ಅದು ಮೊದಲು ನೆಟ್ಟಗೆ ಮೇಲಕ್ಕೇರುತ್ತದೆ. ಲತಾಮಣಿಗೆ ಅದು ಗೊತ್ತಿರಲಿಲ್ಲ. ದೀಪುವಿಗೆ ಗೊತ್ತಿತ್ತು, ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಯಂತ್ರ ಗೂಡಿನ ಅಂಚಿನಿಂದ ಕಿರುಗುಟ್ಟುತ್ತಾ ಎದ್ದು ಮರಿಯ ಮುಖದೆದುರಿಗೇ ಬಂತು. ಮರಿ ಪಕ್ಕಕ್ಕೆ ಸರಿಯಿತು. ಪಕ್ಕದಲ್ಲಿ ಕಲ್ಲಿರಲಿಲ್ಲ.

"ಹಾರ್ತು!" ಎಂದು ನವ್ಯಶ್ರೀ ಕೂಗಿದಳು. "ಅಪ್ಪಾ, ಮರಿ ಹಾರ್ತು!"

ಬಂಡೆಗೆ ಒಮ್ಮೆ ತಾಗಿ, ತಿರುಗಿ, ಕೆಳಗಿನ ಪೊದೆಗಳ ಹಿಂದೆ ಅದು ಮರೆಯಾಯಿತು. ಮೇಲೆ ತಾಯಿ ಹಕ್ಕಿ ಇನ್ನೂ ಸುತ್ತುತ್ತಿತ್ತು. ಕೆಳಗೆ ಯಾರೋ ಮತ್ತೊಮ್ಮೆ ಗೋವಿಂದ ಎಂದರು.

*

ಮಂಚಯ್ಯ ಅದನ್ನು ಎತ್ತಿ ತಂದ. ಬಿದ್ದಾಗಲೇ ಸತ್ತಿತ್ತು. ಕೂದಲೆಳೆಯಂಥ ಬಿಳಿ ಪುಕ್ಕದ ಕುತ್ತಿಗೆ ಅವನ ಮೊಣಕೈ ಮೇಲಿಂದ ಜೋತುಬಿದ್ದಿತ್ತು. ಅವನು ಅಳುತ್ತಿದ್ದ.

ದೇವರಾಜು ಹಣೆ ಹಣೆ ಬಡಿದುಕೊಂಡ. "ನಾನೇ ಕೊಂದ್ಬುಟ್ನಲ್ಲಾ, ಸ್ವಾಮಿ ಮರೀನ." ನವ್ಯಶ್ರೀ ಬದುವಿನ ಮೇಲೆ ಕೂತು ಮರಿಯನ್ನು ಮಡಿಲಿಗೆ ಹಾಕಿಕೊಂಡಳು, ಚಿಕ್ಕಲಕ್ಷ್ಮಮ್ಮ ಮೊಮ್ಮಗಳ ಹೆಗಲಿನ ಜರಿ ಶಾಲು ತೆಗೆದು ಅದರ ಮೇಲೆ ಹೊದಿಸಿದಳು. ಇಲ್ಲೇ ತೋಟದ ಮೂಲೆಯಲ್ಲಿ ಮಣ್ಣು ಮಾಡೋಣ, ಮೇಲೊಂದು ಗುಡಿ ಕಟ್ಟೋಣ, ಪ್ರಾಯಶ್ಚಿತ್ತಕ್ಕೆ ವರ್ಷ ವರ್ಷ ಪೂಜೆ ಮಾಡೋಣ ಎಂದು ದೇವರಾಜು ಆಗಲೇ ಜಾಗ ನೋಡತೊಡಗಿದ್ದ. ಅವನ ದುಃಖದಲ್ಲಿ ನಾಟಕವಿರಲಿಲ್ಲ. ಅದೇ ಲತಾಮಣಿಗೆ ತಡೆಯಲಾಗದ್ದು.

"ಮಣ್ಣು ಮಾಡೋಂಗಿಲ್ಲ ಅಣ್ಣ. ಮಹಜರು ಆಗ್ಬೇಕು. ಡಾಕ್ಟ್ರು ಕೊಯ್ದು ನೋಡ್ಬೇಕು. ಆಮೇಲೆ ಆಫೀಸರ ಎದುರಿಗೆ ಸುಡ್ಬೇಕು. ಕಾನೂನು."

"ಕೊಯ್ಯೋದಾ?" ದೇವರಾಜು ಮಗಳ ಮುಂದೆ ಬಂದು ನಿಂತ. "ಗರುಡನ್ನ ಕೊಯ್ತೀರಾ? ನನ್ನ ಕೊಯ್ರಿ ಬೇಕಾದ್ರೆ. ನನ್ನ ಮೇಲೆ ಕೇಸ್ ಹಾಕ್ರಿ. ಇದ ಮಾತ್ರ ಮುಟ್ಟಬ್ಯಾಡ್ರಿ ಗಾರ್ಡಮ್ಮ."

"ಕೊಡಣ್ಣ."

"ಸಾಯೋಗಂಟ ಕೊಡಾಕಿಲ್ಲ."

ಮಧ್ಯಾಹ್ನದ ಬಿಸಿಲು ನೆತ್ತಿಗೆ ಬರುತ್ತಿತ್ತು. ಮೇಲೆ ತಾಯಿ ಹಕ್ಕಿ ಬರಿದಾದ ಕಲ್ಲಿನ ಮೇಲೆ ಬಂದು ಕೂತಿತ್ತು. ಲತಾಮಣಿ ಅದನ್ನು ನೋಡಿದಳು, ಶಾಲು ಹೊದ್ದ ಮರಿಯನ್ನು ನೋಡಿದಳು. ಇನ್ನು ಕಾಯುವುದಕ್ಕೇನೂ ಉಳಿದಿಲ್ಲ ಅನ್ನಿಸಿತು.

"ಅದು ಗರುಡ ಅಲ್ಲ."

"ಏನಂದ್ರಿ?"

"ರಣಹದ್ದು. ಬೆಟ್ಟದ ಮೇಲಿರೋವೆಲ್ಲ ರಣಹದ್ದೇ. ಮೊದ್ಲಿಂದ್ಲೂ. ಕಲ್ಲು ಹೊಡೀತೀರಲ್ಲ ಅಂತ ನಾನು ಗರುಡನ ವಂಶ ಅಂದಿದ್ದೆ."

ಮೊದಲು ಅಲುಗಾಡಿದವಳು ಚಿಕ್ಕಲಕ್ಷ್ಮಮ್ಮ. ಅವಳು ಬಗ್ಗಿ, ಶಾಲನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬೇಲಿಯಾಚೆ ಎಸೆದಳು. ಮೊಮ್ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ಮರಿ ಮಡಿಲಿನಿಂದ ಉರುಳಿ ಮಣ್ಣಿಗೆ ಬಿತ್ತು.

"ಮದ್ವೆ ಹೆಣ್ಣು, ಹೆಣ ತಿನ್ನೋ ಹಕ್ಕೀನ ಮಡ್ಲಲ್ಲಿ ಮಡೀಕಂಡವ್ಳಲ್ಲೋ! ಏಳ್ ಮಗ, ಏಳು. ಸೀರೆ ಬಿಚ್ಚಾಕು. ತಲೆ ಮೇಲೆ ನೀರುಯ್ಕೊ."

ನವ್ಯಶ್ರೀ ತನ್ನ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ಹೋದಳು. ದೇವರಾಜು ನಿಂತಲ್ಲೇ ನಿಂತಿದ್ದ. ಅವನ ಅಳು ನಿಂತುಹೋಗಿತ್ತು.

"ಊರಿಗೂರೇ ಕೈ ಮುಗಿಸಿದ್ರಲ್ಲ ನಮ್ಮ ಕೈಲಿ," ಎಂದ ಮೆಲ್ಲಗೆ. "ಬೆಳಿಗ್ಗೆ ಎದ್ದು ಅದರ ಮುಖ ನೋಡ್ತಿದ್ದೆ ನಾನು. ದಿನಾ. ತಗೊಂಡೋಗಿ ನಿಮ್ ಪೀಡೇನ."

*

ಕೇಸಾಯಿತು. ಯಂತ್ರ ಜಪ್ತಿಯಾಯಿತು, ಆರೋಪಿ ದೀಪು. ಹಾರಿಸು ಎಂದು ಹೇಳಿದ್ದು ತಾನಲ್ಲ, ಹುಡುಗರು ಶೂಟಿಂಗ್ ಮಾಡುತ್ತಿದ್ದರು, ತಾನು ನೋಡುತ್ತಿದ್ದೆ ಎಂದು ದೇವರಾಜು ಹೇಳಿಕೆ ಕೊಟ್ಟು ಸಾಕ್ಷಿಯಾದ. ಗರುಡನನ್ನು ಕೊಂದ ಪಾಪ ಹೊರಲು ತಯಾರಿದ್ದವನು ರಣಹದ್ದಿನ ಕೇಸು ಹೊರಲು ತಯಾರಿರಲಿಲ್ಲ. ಮಂಚಯ್ಯನನ್ನು ಕೆಲಸದಿಂದ ತೆಗೆದರು. ಹೋಗುವ ದಿನ ಅವನು ಟಾರ್ಚು, ಲಾಠಿ ಒಪ್ಪಿಸಲು ಬಂದಾಗ ಲತಾಮಣಿ ಕೇಳಿದಳು.

"ಯಾಕ್ ಬುಟ್ಟೆ ಮಂಚಣ್ಣ? ಬುಡಾಕಿಲ್ಲ ಅಂದಿದ್ಯಲ್ಲ."

"ಬ್ಯಾರೆ ಯಾರಾದ್ರೂ ಆಗಿದ್ರೆ ಬುಡ್ತಿರ್ಲಿಲ್ಲ ಅವ್ವ. ಸ್ವಾಮೀನ ನೋಡ್ಬೇಕು ಅಂತ ಬಂದವ್ರೆ, ಅದೂ ಮುದುಕಿ ಕರ್ಕೊಂಡು. ದ್ಯಾವ್ರು ನೋಡಾಕೆ ಬಂದವ್ರಿಗೆ ಬಾಗ್ಲಾಕ್ತಾರಾ? ಯಾವೊತ್ಗೆ ಏಳ್ತದೆ ಅಂದ್ರು, ಹೇಳ್ದೆ." ಲಾಠಿಯನ್ನು ಗೋಡೆಗೆ ಒರಗಿಸಿದ. "ರಣಹದ್ದು ಅಂತ ನಂಗೊಬ್ಬನಿಗಾದ್ರೂ ಹೇಳ್ಬಾರ್ದಿತ್ತಾ? ನಾನೇನ್ ಕಲ್ಲು ಹೊಡೀತಿದ್ನಾ?"

ಟಾರ್ಚನ್ನು ಮೇಜಿನ ಮೇಲಿಟ್ಟು ಹೊರಟ.

ಮದುವೆ ನಡೆಯಿತು. ಮೊದಲು ಶಾಂತಿಹೋಮ, ಆಮೇಲೆ ಧಾರೆ. ಲತಾಮಣಿ ಹೋಗಲಿಲ್ಲ, ಹೋಗಿದ್ದರೆ ಯಾರೂ ಬಾ ಎನ್ನುತ್ತಿರಲಿಲ್ಲ. ಆದರೆ ಗಂಡು ಆ ದಿನವೇ ಫೋನಿನಿಂದ ಹಾಕಿಬಿಟ್ಟಿದ್ದ ವಿಡಿಯೊ, 'ಕೆಂಬಂಡೆ ಬೆಟ್ಟದಲ್ಲಿ ಗರುಡ ಪ್ರದಕ್ಷಿಣೆ' ಎಂಬ ಹೆಸರು ಹೊತ್ತು ಅವನ ಕೈಮೀರಿ ಹೋಗಿತ್ತು. ಬಿಡದಿಯಿಂದ, ಬೆಂಗಳೂರಿನಿಂದ ಜನ ಚೀಲದಲ್ಲಿ ಯಂತ್ರ ಇಟ್ಟುಕೊಂಡು ಬಂದು, ಗರುಡ ಎಲ್ಲಿ ಕೂರುತ್ತದೆ ಎಂದು ಕೇಳತೊಡಗಿದರು. ರಣಹದ್ದು ಎಂದರೆ, "ಇಲ್ಲ ಮೇಡಂ, ವಿಡಿಯೊ ನೋಡಿದೀವಿ," ಎಂದು ಅವಳಿಗೇ ತೋರಿಸುತ್ತಿದ್ದರು. ಅವಳು ಚೀಲ ಕಸಿದುಕೊಳ್ಳುತ್ತಿದ್ದಳು.

ಊರಿನವರು ಬೇರೆಯೇ ದಾರಿ ಹಿಡಿದಿದ್ದರು. ಇಷ್ಟು ದಿನ ಹೆಣದ ಹಕ್ಕಿಗೆ ಕೈ ಮುಗಿದ ದೋಷ ಕಳೆಯಬೇಕಾದರೆ ಅದು ಊರ ಸರಹದ್ದು ಬಿಟ್ಟು ತೊಲಗಬೇಕು ಎಂದು ತೀರ್ಮಾನವಾಯಿತು. ಕಲ್ಲು ಹೊಡೆದರೆ ಕೇಸು. ಸ್ವಂತ ತೋಟದಲ್ಲಿ ಪಟಾಕಿ ಹಚ್ಚಿದರೆ ಯಾರು ಕೇಳುತ್ತಾರೆ? ಮೇ ತಿಂಗಳಲ್ಲಿ ಸಂಜೆ ಸಂಜೆ, ಹಕ್ಕಿಗಳು ಗೂಡಿಗೆ ಮರಳುವ ಹೊತ್ತಿಗೆ, ದೇವರಾಜುವಿನ ಬದುವಿನ ಮೇಲೆ ಪಟಾಕಿ ಸಿಡಿಯತೊಡಗಿತು.

ಲತಾಮಣಿ ಅವನ ಮನೆಗೆ ಹೋದಳು. ದೇವರಾಜು ಹೊರಗೆ ಬರಲಿಲ್ಲ. ಚಿಕ್ಕಲಕ್ಷ್ಮಮ್ಮ ಜಗಲಿಯಲ್ಲಿ ಕೂತು ಹಣ್ಣಾದ ರೇಷ್ಮೆಹುಳು ಆಯ್ದು ಗೂಡು ಕಟ್ಟಲು ತಟ್ಟೆಗೆ ಬಿಡುತ್ತಿದ್ದಳು. ತಲೆ ಎತ್ತಲಿಲ್ಲ.

"ಅಜ್ಜಿ, ಪಟಾಕಿ ಹೊಡೀಬೇಡಿ ಅಂತ ಹೇಳಿ ಅವ್ರಿಗೆ. ಜೋಡಿ ಇನ್ನೂ ಅಲ್ಲೇ ಐತೆ. ಇದ್ರೆ ಮುಂದಿನ ವರ್ಷ ಮತ್ತೆ ಮೊಟ್ಟೆ ಇಡ್ತವೆ. ಅದು..."

"ಅದು ಏನವ್ವ?"

ಲತಾಮಣಿ ಬೆಟ್ಟದ ಕಡೆ ಕೈ ತೋರಿಸಿದಳು.

"ಮೊದ್ಲು ಬಂದು ರಣಹದ್ದು ಅಂದೆ. ಆಮ್ಯಾಕೆ ಗರುಡ ಅಂದೆ. ಮರಿ ಸತ್ತೇಟ್ಗೆ ತಿರ್ಗಾ ರಣಹದ್ದು ಅಂದೆ." ಅಜ್ಜಿ ಒಂದು ಹುಳುವನ್ನು ಬೆಳಕಿಗೆ ಹಿಡಿದು ನೋಡಿ ತಟ್ಟೆಗೆ ಬಿಟ್ಟಳು. "ಇವತ್ತು ಯಾವ ಹಕ್ಕಿ ತಂದಿದ್ದೀಯೆ? ಹೇಳು, ಅದ್ಕೆ ಎಂಗ್ ನಡ್ಕೋಬೇಕೋ ಅಂಗ್ ನಡ್ಕೋತೀವಿ."

ತೋಟದ ಕಡೆಯಿಂದ ಸರ ಪಟಾಕಿಯ ಸದ್ದು ಬಂತು. ಲತಾಮಣಿ ತಿರುಗಿ ನೋಡಿದಳು. ಎರಡು ಹಕ್ಕಿಗಳೂ ಕಲ್ಲು ಬಿಟ್ಟೆದ್ದವು. ಒಂದು ಸುತ್ತು ಬಂದವು, ಇನ್ನೊಂದು ಸುತ್ತು ಮೇಲೇರಿದವು. ಆಮೇಲೆ ಸುತ್ತುವುದನ್ನು ಬಿಟ್ಟು ನೇರವಾಗಿ ಸಾವನದುರ್ಗದ ದಿಕ್ಕಿಗೆ ಹೊರಟವು. ಬದುವಿನ ಮೇಲೆ ನಿಂತವರು ಸಿಳ್ಳೆ ಹೊಡೆದರು.